ನಿಂತ ರೈಲು, ಓಡುವ ಬೇವಿನ ಮರ

೧

ಈ ಕಥೆಯನ್ನು ರೈಲಿನಿಂದ ಶುರು ಮಾಡಬೇಕೋ ಬೇವಿನ ಮರದಿಂದ ಶುರು ಮಾಡಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ರೈಲಿನಿಂದ ಶುರು ಮಾಡಿದರೆ ಒಂದು ತೊಂದರೆ ಇದೆ: ಅದು ನನಗಾಗಿ ನಿಲ್ಲುವುದಿಲ್ಲ. ನಾನು ಎರೆಹೊಲ, ಬಾವಿ, ಬಣವೆಗಳನ್ನು ಅವಸರವಿಲ್ಲದೆ ಬರೆದುಕೊಂಡು ಬಂದವನು. ಎತ್ತು ನೀರು ಕುಡಿಯುವುದನ್ನೇ ಒಮ್ಮೆ ಎರಡು ಪುಟ ಬರೆದಿದ್ದೇನೆ. ‘ರೈಲು ಬಂತು’ ಎಂದು ನಾನು ಬರೆದು ಮುಗಿಸುವಷ್ಟರಲ್ಲಿ ಅದು ಘಟಪ್ರಭಾ ದಾಟಿ ಹೋಗಿರುತ್ತದೆ. ಇನ್ನು ಮರದಿಂದ ಶುರು ಮಾಡಿದರೆ ನೀವು ಎದ್ದು ಚಹಾ ಕುಡಿಯಲು ಹೋಗುತ್ತೀರಿ.

ಮೊದಲನೆಯ ಡ್ರಾಫ್ಟು ಹೀಗಿತ್ತು: ‘೧೯೫೮ನೆಯ ಇಸವಿಯ ಒಂದು ಮುಂಜಾನೆ ಮಂಜಿನ ಪರದೆಯನ್ನು ಸೀಳಿಕೊಂಡು ಕರಿಯ ಮೃಗವೊಂದು...’

(ಹೊಡೆದು ಹಾಕಿದ್ದೇನೆ. ಆ ಮುಂಜಾನೆ ಚಳಿ ಇತ್ತು, ಮಂಜು ಇರಲಿಲ್ಲ. ಎಂಜಿನ್ನನ್ನು ಆ ಊರಿನವರು ಯಾರೂ ಮೃಗ ಎಂದವರಲ್ಲ, ‘ಗಾಡಿ’ ಎಂದವರು.)

ಎರಡನೆಯದು: ‘ಸತ್ಯಪ್ಪನಿಗೆ ರೈಲಿನ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು.’

ಇದಕ್ಕೆ ಅಡ್ಡಿಯಿಲ್ಲ. ಇದನ್ನೇ ಇಟ್ಟುಕೊಳ್ಳೋಣ.

೨

ಸತ್ಯಪ್ಪನಿಗೆ ರೈಲಿನ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ವಾರದ ಆರು ದಿನ ಅವನು ಸೈಕಲ್ ತುಳಿದುಕೊಂಡು ಗೋಕಾಕ ಫಾಲ್ಸಿನ ಗಿರಣಿಗೆ ಹೋಗಿ ಹರಿದ ನೂಲು ಕೂಡಿಸುತ್ತಿದ್ದ. ಏಳನೆಯ ದಿನ, ರವಿವಾರ, ಕೊರಳಿಗೆ ಡಬ್ಬಿ ಕ್ಯಾಮೆರಾ ನೇತು ಹಾಕಿಕೊಂಡು ಕಲ್ಲಹಟ್ಟಿಯ ತನ್ನ ಎರಡೆಕರೆ ಹೊಲದ ಬದುವಿನಲ್ಲಿ ನಿಲ್ಲುತ್ತಿದ್ದ. ಹೊಲದ ತುದಿಗೆ ರೈಲು ಹಳಿ, ಹಳಿಗೆ ಅಡ್ಡವಾಗಿ ಗಾಡಿದಾರಿ, ದಾರಿಗೆ ಕಾವಲುಗಾರನಿಲ್ಲದ ಗೇಟು, ಹಳಿಯ ಆಚೆ ದಂಡೆಗೆ ಒಂದು ಬೇವಿನ ಮರ. ಅದಕ್ಕೇ ಎಲ್ಲರೂ ಅದನ್ನು ಬೇವಿನ ಗೇಟು ಎನ್ನುತ್ತಿದ್ದರು. (ನಕಾಶೆಯಲ್ಲಿ ಹುಡುಕಬೇಡಿ. ಊರು, ಗೇಟು ಎರಡನ್ನೂ ನಾನೇ ಹಾಕಿದ್ದು.)

ಕ್ಯಾಮೆರಾ ಅವನಿಗೆ ಬಂದದ್ದು ಗಿರಣಿಯ ಸಾಹೇಬನೊಬ್ಬನಿಂದ. ದೇಶ ಬಿಟ್ಟು ವಿಲಾಯತಿಗೆ ಹೊರಟಾಗ, ಪೆಟ್ಟಿಗೆಗಳಿಗೆ ಹಗ್ಗ ಬಿಗಿದುಕೊಟ್ಟ ಸತ್ಯಪ್ಪನ ಕೈಗೆ ಆತ ಆ ಕರಿ ಡಬ್ಬಿಯನ್ನು ಇಟ್ಟು ಹೋಗಿದ್ದ. ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನ ಅಂಗೈ ಅಗಲದ್ದೂ ಅಲ್ಲದ ಗಾಜಿನಲ್ಲಿ ಬಗ್ಗಿ ನೋಡಿ, ಗುಂಡಿ ಒತ್ತಬೇಕು. ಒಂದು ರೀಲಿಗೆ ಎಂಟು ಫೋಟೋ.

ಹತ್ತೂ ಹತ್ತಕ್ಕೆ ಮೀರಜ ಕಡೆಗೆ ಹೋಗುವ ಪ್ಯಾಸೆಂಜರ್ ಗೇಟಿನ ತಿರುವಿಗೆ ಬಂದಾಗ ಡ್ರೈವರ್ ಒಂದು ಉದ್ದ, ಎರಡು ಗಿಡ್ಡ ಶೀಟಿ ಹಾಕುತ್ತಿದ್ದ. ಸತ್ಯಪ್ಪ ತಲೆಯ ವಸ್ತ್ರ ಬಿಚ್ಚಿ ಬೀಸುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆದಿತ್ತು. ಡ್ರೈವರನ ತಲೆಗೆ ಕೆಂಪು ವಸ್ತ್ರ, ಮೂಗಿನ ಕೆಳಗೆ ಬಿಳಿ ಮೀಸೆ. ಅದಕ್ಕಿಂತ ಹೆಚ್ಚು ಸತ್ಯಪ್ಪನಿಗೆ ಗೊತ್ತಿರಲಿಲ್ಲ. ಇಬ್ಬರೂ ಒಂದು ಮಾತು ಆಡಿದವರಲ್ಲ.

ಫೋಟೋ ಮಾತ್ರ ಒಂದೂ ಬಂದಿರಲಿಲ್ಲ. ಮರ ಚೆನ್ನಾಗಿ ಬರುತ್ತಿತ್ತು, ಎಲೆ ಎಲೆ ಎಣಿಸಬಹುದು. ಗೇಟಿನ ಕಂಬ ಬರುತ್ತಿತ್ತು. ರೈಲು ಇರಬೇಕಾದ ಜಾಗದಲ್ಲಿ ಯಾರೋ ಒದ್ದೆ ಅರಿವೆಯಿಂದ ಒರೆಸಿದಂಥ ಒಂದು ಬೂದಿಬಣ್ಣದ ಪಟ್ಟಿ.

ಗೋಕಾಕ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಮುರಿಗೆಪ್ಪ ರೀಲು ತೊಳೆದುಕೊಡುವಾಗಲೆಲ್ಲ ಬೈಯುತ್ತಿದ್ದ.

“ಮಂದಿ ಹೇಂತಿ ಫೋಟೋ ತಗಸ್ತಾರ, ಅವ್ವ-ಅಪ್ಪಂದು ತಗಸ್ತಾರ. ನೀ ಹೊಗಿ ಫೋಟೋ ತಗೀತಿ. ಹೊಗಿ ತೊಳ್ಯಾಕ ನನ್ನ ಸ್ಟುಡಿಯೋನ ಬೇಕೇನೊ ನಿನಗ?”

“ಮುರಿಗೆಪ್ಪಣ್ಣಾ, ಈ ಸಲ ಎರಡು ಗಾಲಿ ಕಾಣಸಾಕತ್ತಾವು ನೋಡ್ರಿ.”

“ಎಲ್ಲಿ? ಅದು ನನ್ನ ಹೆಬ್ಬೆರಳಿನ ಗುರುತು!”

ಅಂದಿನಿಂದ ಪೇಟೆಯಲ್ಲಿ ಅವನ ಹೆಸರು ಹೊಗಿ ಸತ್ಯಪ್ಪ.

೩

ಇಲ್ಲಿ ಒಂದು ಜಗಳ ನಡೆಯಿತು. ನಿಮ್ಮಿಂದ ಮುಚ್ಚಿಡುವುದಿಲ್ಲ.

ಮೂರನೆಯ ಡ್ರಾಫ್ಟಿನಲ್ಲಿ ಸತ್ಯಪ್ಪ ಒಂದು ದಿನ ಕಲ್ಲಿನ ಮೇಲೆ ಕೂತು ಗಲ್ಲಕ್ಕೆ ಕೈ ಹಚ್ಚಿ ಯೋಚಿಸುತ್ತಾನೆ, ಒಮ್ಮೆಲೇ ಅವನಿಗೆ ಉಪಾಯ ಹೊಳೆಯುತ್ತದೆ ಎಂದು ಬರೆದಿದ್ದೆ. ಬರೆದು ಮಸಿ ಆರುವ ಮೊದಲೇ ಅವನ ಹೆಂಡತಿ ಇಂದ್ರವ್ವ ಹಾಳೆಯ ಅಂಚಿಗೆ ಬಂದು ನಿಂತಳು, ಕೈಯಲ್ಲಿ ಕವಣಿ.

“ಏನ್ರಿ ಬರಿಯಾವ್ರ, ಕವಣಿ ನಂದು, ಕಲ್ಲು ನಂದು, ಮಾತು ನಂದು. ಬುದ್ಧಿ ಅಷ್ಟ ಅವರದು ಮಾಡೀರಲ್ಲ, ಯಾಕ್ರಿ?”

“ಇಂದ್ರವ್ವ, ಕಥೆ ಅವನ ಬಗ್ಗೆ...”

“ಇರ್ಲಿ ಬಿಡ್ರಿ. ಅವ್ರ ಬಗ್ಗೆನ ಇರ್ಲಿ. ಖರೆ ಇದ್ದದ್ದು ಬರದ್ರ ಅವ್ರೇನ ಸಣ್ಣಾಂವ ಆಗೂದಿಲ್ಲ.”

ಹಾಳೆ ಹರಿದೆ. ಇದ್ದದ್ದು ಹೀಗೆ:

ಪುಷ್ಯ ಮಾಸ. ಬಿಳಿಜೋಳ ಹಾಲುಗಾಳು ಕಟ್ಟಿ ನಿಂತಿತ್ತು. ಇಂದ್ರವ್ವ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಹಕ್ಕಿ ಹೊಡೆಯುತ್ತಿದ್ದಳು. ಕವಣಿ ಎಂದರೆ ನೂಲಿನ ಹಗ್ಗದ ನಡುವೆ ಅಂಗೈಯಂಥ ಒಂದು ಹೆಣಿಗೆ. ಅದರಲ್ಲಿ ಕಲ್ಲಿಟ್ಟು ತಲೆಯ ಮೇಲೆ ತಿರುವಿ ಒಂದು ತುದಿ ಬಿಟ್ಟರೆ ಕಲ್ಲು ಗುಂಯ್ ಎಂದು ಹೋಗುತ್ತದೆ. ಕಲ್ಲಹಟ್ಟಿಯಲ್ಲಿ ಅವಳಷ್ಟು ಗುರಿಯ ಕೈ ಇನ್ನೊಂದಿರಲಿಲ್ಲ. ಸತ್ಯಪ್ಪ ಬುತ್ತಿ ತಂದವನು ಅಟ್ಟದ ಬುಡದಲ್ಲಿ ಕೂತು ಉಣ್ಣುತ್ತ, ಹೊಸದಾಗಿ ತೊಳೆಸಿ ತಂದ ಎಂಟೂ ಫೋಟೋಗಳನ್ನು ಮೊಣಕಾಲ ಮೇಲೆ ಹರವಿಕೊಂಡಿದ್ದ.

“ಮತ್ತ ಹೊಗೀನ ಬಂತೇನ್ರಿ?” ಮೇಲಿನಿಂದ ಇಂದ್ರವ್ವ.

“ಹ್ಞೂಂ. ಗಾಡಿ ಓಡತೈತಿ. ನಾ ಒತ್ತೂದ್ರಾಗ ಮುಂದ ಹೋಗಿರತೈತಿ.”

“ನೀವು ಎಲ್ಲಿ ನೋಡ್ತೀರಿ ಒತ್ತುವಾಗ?”

“ಡಬ್ಬಿ ಮ್ಯಾಲಿನ ಗಾಜಿನ್ಯಾಗ. ಅದ್ರಾಗೊಂದು ಬ್ಯಾನಿ ಐತಿ. ಗಾಡಿ ಹಿಂಗ ಹೊಂಟ್ರ ಗಾಜಿನ್ಯಾಗ ಹಂಗ ಹೊಂಟಂಗ ಕಾಣಸ್ತೈತಿ. ಕನ್ನಡಿ ಇದ್ದಂಗ. ಅದಕ್ಕ ನಾ ಡಬ್ಬಿ ಅಲುಗಾಡಿಸದಂಗ ಗಟ್ಟಿ ಹಿಡಕೊಂಡು ನಿಂತಬಿಡ್ತೇನಿ.”

ಇಂದ್ರವ್ವ ನಕ್ಕಳು. ಅಷ್ಟರಲ್ಲಿ ಗಿಳಿಗಳ ಹಿಂಡೊಂದು ಬೇವಿನ ಮರದಿಂದ ಎದ್ದಿತು. ಅವಳು ಮಾತು ನಿಲ್ಲಿಸದೆಯೇ ಕವಣಿ ಎತ್ತಿದಳು. ಹಿಂಡು ಹಾರಿದ ಕಡೆಗೇ ಅವಳ ಕಣ್ಣು, ಹೆಗಲು, ಸೊಂಟ ಎಲ್ಲ ಒಟ್ಟಿಗೆ ತಿರುಗಿದವು. ಕಲ್ಲು ಹೋಯಿತು. ಕಲ್ಲು ಹೋದ ಮೇಲೂ ಅವಳ ಕೈ ಹಿಂಡಿನ ಜೊತೆ ಇನ್ನಷ್ಟು ದೂರ ಹೋಗಿ ಆಮೇಲೆ ಇಳಿಯಿತು. ಗಿಳಿಗಳು ಚದುರಿ ಹಳಿಯಾಚೆ ಹೋದವು.

“ನೋಡಿದ್ರಿಲ್ಲೋ? ನಿಮ್ಮಂಗ ಗಟ್ಟಿ ನಿಂತ್ರ ಕಲ್ಲು ಗಾಳಿಗಿ ಹತ್ತತೈತಿ. ಹಕ್ಕಿ ಜೋಡಿ ಹೋಗಬೇಕ್ರಿ. ಕಲ್ಲು ಬಿಟ್ಟ ಮ್ಯಾಲೂ ಕೈ ನಿಂದರಸಬಾರ್ದು. ಕವಣಿಗೆ ಗಾಜೈತೇನ್ರಿ? ಹಕ್ಕಿ ನೋಡಬೇಕು, ಕವಣಿ ಅಲ್ಲ.”

ಸತ್ಯಪ್ಪ ತುತ್ತು ಬಾಯಿಗಿಡುವುದನ್ನು ಮರೆತ.

ಅಂದಿನಿಂದ ಮೂರು ವಾರ ಅವನು ಗಿರಣಿಯಿಂದ ಬಂದ ಮೇಲೆ ರೀಲಿಲ್ಲದ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ಅದರ ಕಡೆ ನೋಡದೆ, ದಾರಿಯಲ್ಲಿ ಹೋಗುವ ಚಕ್ಕಡಿ, ಎಮ್ಮೆ, ಸೈಕಲ್ಲು ಎಲ್ಲದರ ಜೊತೆ ಸೊಂಟ ತಿರುಗಿಸಿದ. ಊರಿನವರಿಗೆ ಅವನ ಬಗ್ಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

“ಪೂರಾ ಕೆಟ್ಟೈತಿ ಪಾಪ,” ಎಂದರು.

೪

ಫೆಬ್ರುವರಿಯ ಒಂದು ರವಿವಾರದ ರೀಲನ್ನು ತೊಳೆದ ಮುರಿಗೆಪ್ಪ ಈ ಸಲ ಬೈಯಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದ. ತಿರುಗಿಸಿ ಹಿಂಬದಿ ನೋಡಿದ. ಮತ್ತೆ ಮುಂದೆ ನೋಡಿದ.

“ಇದನ್ನ ಯಾರ ತಗದ್ರು?”

“ನಾನ.”

“ಖರೆ ಹೇಳು.”

ಎಂಜಿನ್ ಕಡೆದಿಟ್ಟಂತೆ ನಿಂತಿತ್ತು. ಬಾಯ್ಲರಿನ ಒಂದೊಂದು ಮೊಳೆಯೂ ಕಾಣುತ್ತಿತ್ತು. ಕೆಂಪು ವಸ್ತ್ರದ ಡ್ರೈವರ್ ಕಿಟಕಿಯ ಮೇಲೆ ಮೊಣಕೈ ಊರಿದ್ದ. ಎರಡನೆಯ ಡಬ್ಬಿಯ ಬಾಗಿಲಲ್ಲಿ ಒಬ್ಬಳು ಗಂಟು ಬಗಲಲ್ಲಿಟ್ಟು, ಒಂದು ಕಾಲು ಮೆಟ್ಟಿಲಿಗಿಟ್ಟು, ಇಳಿಯಲು ತಯಾರಾಗಿ ನಿಂತಿದ್ದಳು. (ಸ್ಟೇಷನ್ ಇನ್ನೂ ಎರಡು ಮೈಲು ಇತ್ತು. ನಮ್ಮ ಮಂದಿ ಎರಡು ಮೈಲು ಮೊದಲೇ ಎದ್ದು ಬಾಗಿಲಿಗೆ ಬರುತ್ತಾರೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಇದರಿಂದಲೇ ಕೆಡುತ್ತದೆ.)

ಮತ್ತು ಬೇವಿನ ಮರ? ನಾಲ್ಕು ವರ್ಷ ಎಲೆ ಎಲೆಯಾಗಿ ನಿಂತಿದ್ದ ಮರ ಈಗ ಒಂದು ಉದ್ದನೆಯ ಗೆರೆಯಾಗಿ ಹರಿದು ಹೋಗಿತ್ತು.

“ಗಾಡಿ ನಿಂತೈತಿ, ಗಿಡ ಓಡಾಕತ್ತೈತಿ,” ಎಂದ ಮುರಿಗೆಪ್ಪ ಮೆಲ್ಲಗೆ. ಆಮೇಲೆ ಅಂಗಡಿಯ ಗಾಜಿನ ಕಪಾಟಿನಿಂದ ಒಂದು ಮದುವೆಯ ಜೋಡಿಯನ್ನು ತೆಗೆದು, ಆ ಜಾಗಕ್ಕೆ ರೈಲನ್ನು ಇಟ್ಟ.

ಸತ್ಯಪ್ಪ ಅಂದು ಸಂಜೆ ಸೈಕಲ್ ಏರಲಿಲ್ಲ. ತಳ್ಳಿಕೊಂಡೇ ನಡೆದ. ದಾರಿಯುದ್ದಕ್ಕೂ ಎದುರಿಗೆ ಬಂದವರನ್ನೆಲ್ಲ ತಾನೇ ಮಾತಾಡಿಸಿದ.

(ಕಥೆಯನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿಯೂ ಇದ್ದೆ. ಆದರೆ ಗುಡ್ಡವ್ವ ಗೋಕಾಕ ಸಂತೆಗೆ ಹೋದಳು.)

೫

ಗುಡ್ಡವ್ವ ಕಲ್ಲಹಟ್ಟಿಯ ಮುದುಕಿ. ಬದನೆಕಾಯಿ ಬೆಳೆದು ಮಾರುವವಳು. ಘಟಪ್ರಭಾದ ತನಕ ಬುಟ್ಟಿ ಹೊತ್ತು ನಡೆದು, ಅಲ್ಲಿಂದ ಬಸ್ಸು ಹಿಡಿದು ಹುಕ್ಕೇರಿ ಸಂತೆ ಮುಟ್ಟುವವಳು. ಆ ವಾರ ಮಾತ್ರ ಗೋಕಾಕಕ್ಕೆ ಹೋದವಳು ಪೇಟೆಯಲ್ಲಿ ಮುರಿಗೆಪ್ಪನ ಗಾಜಿನ ಕಪಾಟಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

“ಇದು ನಮ್ಮ ಬೇವಿನ ಗೇಟ ಹೌದಲ್ಲೊ?”

“ಹೌದಬೇ,” ಎಂದ ಮುರಿಗೆಪ್ಪ.

“ಗಾಡಿ ನಿಂತೈತಿ.”

“ನಿಂತಿಲ್ಲಬೇ, ನಿಂತಂಗ ಬಂದೈತಿ.”

“ನನ್ನ ಕಣ್ಣ ಇನ್ನೂ ಗಟ್ಟಿ ಅದಾವ ತಮ್ಮಾ. ಆ ಹೆಣಮಗಳು ಇಳ್ಯಾಕತ್ತಾಳ ನೋಡು, ಗಂಟ ಹಿಡಕೊಂಡು!”

ಮುಂದಿನ ಸಂತೆಯ ದಿನ ಬೇವಿನ ಗೇಟಿನಲ್ಲಿ ಹದಿನೆಂಟು ಮಂದಿ, ಇಪ್ಪತ್ತೆರಡು ಬುಟ್ಟಿ, ಎರಡು ಆಡು ಸಾಲಾಗಿ ನಿಂತಿದ್ದವು. ಗಾಡಿ ಬಂತು. ಹದಿನೆಂಟು ಕೈ ಎದ್ದವು. ಡ್ರೈವರ್ ಗಾಬರಿಯಾಗಿ ಶೀಟಿಯ ಮೇಲೆ ಶೀಟಿ ಹಾಕುತ್ತ ಹಾದು ಹೋದ. ಆಡುಗಳು ಹಗ್ಗ ಹರಿದುಕೊಂಡು ಓಡಿದವು.

“ನಿಂದರಸಲಿಲ್ಲ ನೋಡ್ರಿ! ತನಗ ಬೇಕಾದವರಿಗಷ್ಟ ನಿಂದರಸತಾನ ಆ ಕೆಂಪ ವಸ್ತ್ರದಾಂವ!”

ಊರಿನವರು ಕೆಟ್ಟವರಲ್ಲ. ಯಾರ ಕೆಲಸ ಕಳೆಯಬೇಕೆಂದೂ ಅವರಿಗಿರಲಿಲ್ಲ. ಹುಕ್ಕೇರಿ ಕಚೇರಿಯ ಮುಂದೆ ಕೂಡುವವನಿಂದ ಒಂದು ಅರ್ಜಿ ಬರೆಸಿದರು, ಅಷ್ಟೆ: ‘ಬೇವಿನ ಗೇಟಿನಲ್ಲಿ ಗಾಡಿಯು ಕೆಲವರಿಗೆ ನಿಲ್ಲುತ್ತಿದ್ದು, ಎಲ್ಲರಿಗೂ ನಿಲ್ಲಬೇಕಾಗಿ ಪ್ರಾರ್ಥನೆ. ಸಾಕ್ಷಿಗೆ ಫೋಟೋ ಲಗತ್ತಿಸಿದೆ.’ ಫೋಟೋ ಕೊಟ್ಟವನು ಸತ್ಯಪ್ಪನೇ. ಅರ್ಜಿಯಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ. ಇಡೀ ಊರು ಬಾಗಿಲಿಗೆ ಬಂದು ತನ್ನ ಫೋಟೋ ಬೇಕು ಎಂದಾಗ ಯಾವ ಮನುಷ್ಯ ಅದೆಲ್ಲ ಕೇಳುತ್ತಾನೆ?

ಹದಿನೈದು ದಿನಕ್ಕೆ ಹುಬ್ಬಳ್ಳಿಯಿಂದ ಇನ್ಸ್‌ಪೆಕ್ಟರ್ ಬಂದ.

೬

ಗೋಕಾಕ ರೋಡ್ ಸ್ಟೇಷನ್ನಿನ ಒಳಕೋಣೆ. ಮೇಜಿನ ಮೇಲೆ ಸತ್ಯಪ್ಪನ ಫೋಟೋ. ಮೇಜಿನ ಈಚೆ, ಕೆಂಪು ವಸ್ತ್ರವನ್ನು ಕೈಯಲ್ಲಿ ಹಿಂಡುತ್ತ, ಬಿಳಿ ಮೀಸೆಯ ಡ್ರೈವರ್. ತಲೆಯ ಮೇಲೆ ವಸ್ತ್ರವಿಲ್ಲದೆ ಅವನು ಸಣ್ಣವನಾಗಿ ಕಂಡ. ಸಾಕ್ಷಿಗೆ ಕರೆಸಿದ್ದ ಸತ್ಯಪ್ಪನ ಜೊತೆ ಬಂದ ಇಂದ್ರವ್ವ ಬಾಗಿಲ ಬಾಜೂ ಸೆರಗು ಹೊದ್ದು ನಿಂತಳು.

“ನೀವ ಏನ್ರಿ, ರವಿವಾರದಾವ್ರು?” ಎಂದ ಡ್ರೈವರ್.

“ಹೌದ್ರಿ. ನೀವು ಶೀಟಿಯವರು.”

“ಮಾಯಪ್ಪಂತ ನನ್ನ ಹೆಸರು. ಮೂಡಲಗಿಯಾಂವ.”

“ನಾ ಸತ್ಯಪ್ಪ.”

ನಾಲ್ಕು ವರ್ಷದ ಗೆಳೆತನದ ಮೊದಲ ಮಾತು ಇಷ್ಟೇ. ಆಮೇಲೆ ಮಾಯಪ್ಪ ಮೇಜಿನ ಮೇಲಿನ ಫೋಟೋ ಕಡೆ ಕೈ ಮಾಡಿದ.

“ಇಪ್ಪತ್ತೊಂಬತ್ತು ವರ್ಷ ಆತ್ರಿ ಸತ್ಯಪ್ಪಣ್ಣಾರ, ನಿಂದರಬಾರದ ಕಡೆ ಒಮ್ಮೆನೂ ನಿಂದರಸಿಲ್ಲ. ಇನ್ನ ಹನ್ನೊಂದು ತಿಂಗಳಿಗೆ ರಿಟೈರು. ಗಾಡಿ ನಿಂದರಿಸಿದಾಂವ ನಾ ಅಲ್ರಿ. ನೀವು.”

ನಿಲ್ಲಬಾರದ ಕಡೆ ಗಾಡಿ ನಿಲ್ಲಿಸುವುದು ಕೆಲಸವೇ ಹೋಗಬಹುದಾದ ತಪ್ಪು. ಆ ಪ್ಯಾಸೆಂಜರಿನ ಹಿಂದೆಯೇ ಒಂದು ಗೂಡ್ಸ್ ಬರುತ್ತಿತ್ತು. ನಡುವೆ ನಿಂತಿದ್ದರೆ ಏನಾಗುತ್ತಿತ್ತೋ. ಸಾಲದ್ದಕ್ಕೆ ಫೋಟೋ ತೆಗೆದ ದಿನ ಗಾಡಿ ನಾಲ್ಕು ನಿಮಿಷ ತಡವಾಗಿ ಘಟಪ್ರಭಾ ಮುಟ್ಟಿತ್ತು. ಹಳಿಯ ಮೇಲೆ ಎಮ್ಮೆ ಇದ್ದವು, ನಿಧಾನ ಮಾಡಿದೆ, ನಿಲ್ಲಿಸಲಿಲ್ಲ ಎಂದು ಮಾಯಪ್ಪ. ಗಾರ್ಡನೂ ಹಾಗೇ ಹೇಳಿದ. ಗಾರ್ಡ್ ಡ್ರೈವರನ ಕಡೆಗೇ ಹೇಳುತ್ತಾನೆ ಎಂದು ಇನ್ಸ್‌ಪೆಕ್ಟರ್.

(ಇನ್ಸ್‌ಪೆಕ್ಟರನನ್ನು ಒಂದು ಡ್ರಾಫ್ಟಿನಲ್ಲಿ ದಪ್ಪ ಮೀಸೆಯ ದುಷ್ಟನನ್ನಾಗಿ ಮಾಡಿದ್ದೆ. ಅವರೇ ಪೆನ್ನು ಹಿಡಿದುಕೊಂಡರು: “ನಾನೂ ಮೊದಲ ಫೈರ್‌ಮನ್ ಇದ್ದಾಂವ್ರಿ. ಕಲ್ಲಿದ್ದಲು ಹಾಕಿ ಹಾಕಿ ಈ ಕುರ್ಚಿಗೆ ಬಂದೇನಿ. ಕಾಗದ ಬಂದ ಮ್ಯಾಲ ಕೇಳಬೇಕೋ ಬ್ಯಾಡೋ?” ಕೇಳಬೇಕು. ಮೀಸೆ ತೆಗೆದಿದ್ದೇನೆ.)

“ಸಾಹೇಬ್ರ, ಗಾಡಿ ಓಡ್ತಿತ್ರಿ,” ಎಂದ ಸತ್ಯಪ್ಪ. “ನಾ ಕಣ್ಣಾರೆ ನೋಡೇನಿ.”

“ಕಣ್ಣು ಏನರ ಹೇಳಲಿ. ಫೋಟೋ ನೋಡ್ರಿ. ಓಡೋ ಗಾಡಿ ಹಿಂಗ ಬರತೈತೇನು? ಇದಕ್ಕಿಂತ ಮೊದಲಿನ ನಿಮ್ಮ ಫೋಟೋ ಎಲ್ಲಾ ಸ್ಟುಡಿಯೋದಾಗ ನೋಡಿ ಬಂದೇನಿ. ಎಲ್ಲಾ ಹೊಗಿ.”

“ಗಿಡ ನೋಡ್ರಿ ಸಾಹೇಬ್ರ. ಗಿಡ ಓಡೈತಿ.”

“ನಿಮ್ಮ ಕೈ ಅಲುಗಾಡೇತಿ, ಅಷ್ಟ.”

ಆಗ ಬಾಗಿಲ ಬಾಜೂವಿನಿಂದ, ಸೆರಗಿನೊಳಗಿನಿಂದ, ಒಂದು ಮಾತು ಬಂತು.

“ಕೈ ಅಲುಗಾಡಿದ್ರ ಗಿಡದ ಜೋಡಿ ಗಾಡೀನೂ ಅಲುಗಾಡಬೇಕಿತ್ತಲ್ರಿ? ಗಾಡಿ ಯಾಕ ನೆಟ್ಟಗ ಬಂತು?”

ಇನ್ಸ್‌ಪೆಕ್ಟರ್ ಫೋಟೋವನ್ನು ಕೈಗೆತ್ತಿಕೊಂಡರು. ಗಾಲಿಯ ಕಡ್ಡಿಗಳನ್ನು ಹುಡುಕಿದರು. ನಿಂತ ಗಾಲಿಗೆ ಕಡ್ಡಿ ಕಾಣಬೇಕು. ಇಲ್ಲಿ ಬರೀ ಬೂದಿಬಣ್ಣದ ಚಕ್ರ. ಹಳೆಯ ಫೈರ್‌ಮನ್ನಿನ ಕಣ್ಣು ಅದನ್ನು ನೋಡಿತು, ಆದರೆ ಕಾಗದದ ಮನುಷ್ಯನಿಗೆ ಅಷ್ಟು ಸಾಲಲಿಲ್ಲ.

“ಮತ್ತೊಮ್ಮೆ ತಗೀತೀರೇನು?” ಎಂದರು. “ಬರೋ ರವಿವಾರ ನಾ ಎಂಜಿನ್ನಿನ ಮ್ಯಾಲ ಇರತೇನಿ. ಕೈಯಾಗ ಸಾಲಿ ಹುಡುಗರ ಪಾಟಿ. ಗಡಿಯಾರ ಹಿಡಕೊಂಡು ಮೈಲುಗಲ್ಲು ಎಣಿಸಿ, ತಾಸಿಗೆ ಎಷ್ಟು ಮೈಲು ಓಡಾಕತ್ತೈತಿ ಅನ್ನೋದನ್ನ ಪಾಟಿ ಮ್ಯಾಲ ಬರದು ಗೇಟಿನ್ಯಾಗ ಹೊರಗ ಹಿಡಿತೇನಿ. ಯಾರಿಗೂ ಹೇಳೂದಿಲ್ಲ. ಫೋಟೋ ನೋಡಿ ನೀವ ಆ ಅಂಕಿ ಹೇಳಬೇಕು. ಹೇಳಿದ್ರ ಮಾಯಪ್ಪ ತನ್ನ ಗಾಡಿ ತಾ ಹೊಡೀಲಿ.”

“ಹೇಳದಿದ್ರ?” ಎಂದ ಮಾಯಪ್ಪ.

ಇನ್ಸ್‌ಪೆಕ್ಟರ್ ಫೋಟೋವನ್ನು ಫೈಲಿನಲ್ಲಿಟ್ಟರು.

೭

ಇಂಥ ಕಡೆ ಕಥೆಗಾರರು ‘ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು’ ಎಂದು ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಹೊಸ ರೀಲು, ಎಂಟಕ್ಕೆ ಎಂಟೂ ಇದ್ದವು. ಆದರೆ ಆ ಡಬ್ಬಿಯಲ್ಲಿ ಒಂದು ಒತ್ತಿದ ಮೇಲೆ ಕಿವಿ ತಿರುವಿ ರೀಲು ಮುಂದೆ ಸರಿಸಬೇಕು, ಅಷ್ಟರಲ್ಲಿ ಗಾಡಿ ಹೋಗಿರುತ್ತದೆ. ಹೀಗಾಗಿ ಎಂಟಿದ್ದರೂ ಒಂದೇ. ಕಥೆಗಾರರ ಹಳೆಯ ಚಟವೇ ನನ್ನನ್ನು ಗೆದ್ದಿತು.

ಇಡೀ ಕಲ್ಲಹಟ್ಟಿ ಗೇಟಿಗೆ ಬಂದಿತ್ತು. ಗುಡ್ಡವ್ವ ಬುಟ್ಟಿ ಸಮೇತ ಬಂದಿದ್ದಳು.

“ಎಬೇ, ಇವತ್ತ ಕೈ ಮಾಡಬ್ಯಾಡ,” ಎಂದ ಸತ್ಯಪ್ಪ. “ಗಾಡಿ ನಿಂತ್ರ ಮಾಯಪ್ಪನ ಹೊಟ್ಟಿ ಮ್ಯಾಲ ಕಲ್ಲು.”

“ನಾ ಯಾಕ ಕೈ ಮಾಡ್ಲೊ? ಬುಟ್ಟಿ ಹಿಡಕೊಂಡೇನಿ,” ಎಂದಳು. ತಪ್ಪು ತನ್ನಿಂದ ಆಯಿತೆಂದು ಅವಳಿಗೆ ಗೊತ್ತಾಗಿತ್ತು. ಬುಟ್ಟಿಯನ್ನು ಇನ್ನಷ್ಟು ಅವಚಿಕೊಂಡಳು.

ನೂಲು ಕೂಡಿಸುವಾಗ ಎಂದೂ ತಪ್ಪದ ಸತ್ಯಪ್ಪನ ಬೆರಳು ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನ ಕಿವಿಯಲ್ಲಿ ಒಂದೇ ಮಾತು: ನಿಂದರಿಸಿದಾಂವ ನಾ ಅಲ್ರಿ, ನೀವು.

“ಇಂದ್ರಾ, ನೀನ ಒತ್ತು. ನನ್ನ ಕಡಿಂದ ಆಗೂದಿಲ್ಲ.”

“ನಂಗ ಡಬ್ಬಿ ತಿಳಿಯೂದಿಲ್ಲ. ನಂಗ ತಿಳಿಯೂದು ಇದೊಂದ,” ಎಂದಳು ಇಂದ್ರವ್ವ. ಇಡೀ ಊರಿನ ಎದುರು ಅವನ ಬೆನ್ನಿಗೆ ಬಂದು ನಿಂತು ಎರಡೂ ಹೆಗಲು ಹಿಡಿದಳು. ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಯಾರೋ ಸಿಳ್ಳು ಹೊಡೆದರು. ಅವಳು ಲೆಕ್ಕಿಸಲಿಲ್ಲ.

“ಗಾಜ ನೋಡಬ್ಯಾಡ್ರಿ. ಹಕ್ಕಿ ನೋಡ್ರಿ.”

ತಿರುವಿನಲ್ಲಿ ಹೊಗೆ ಎದ್ದಿತು. ಶೀಟಿ: ಒಂದು ಉದ್ದ, ಎರಡು ಗಿಡ್ಡ. ಕೆಲಸ ಹೋಗುವ ದಿನವೂ ಮಾಯಪ್ಪ ಶೀಟಿಯನ್ನು ಗಿಡ್ಡ ಮಾಡಲಿಲ್ಲ. ಹಳಿ ನಡುಗಿತು, ಕಾಲ ಕೆಳಗಿನ ಬದು ನಡುಗಿತು. ಇಂದ್ರವ್ವನ ಕೈಗಳು ತಿರುಗಿಸಿದವು. ಸತ್ಯಪ್ಪ ತಿರುಗಿದ. ಎಂಜಿನ್ನು, ಕೆಂಪು ವಸ್ತ್ರ, ಹೊರಗೆ ಚಾಚಿದ ಒಂದು ತೋಳು, ಕರಿ ಪಾಟಿ ಎಲ್ಲ ಅವನ ಕಣ್ಣಿನಲ್ಲಿ ಅಲುಗದೆ ನಿಂತವು. ಅವನೂ ಅವಳೂ ಗಾಡಿಯೂ ಒಂದೇ ವೇಗದಲ್ಲಿದ್ದರು. ಜಗತ್ತು ಮಾತ್ರ ಹಿಂದಕ್ಕೆ ಹೋಗುತ್ತಿತ್ತು.

ಟಿಕ್.

“ನಿಲ್ಲಬ್ಯಾಡ್ರಿ!” ಎಂದಳು ಕಿವಿಯಲ್ಲಿ. ಒತ್ತಿದ ಮೇಲೂ ಇಬ್ಬರೂ ತಿರುಗುತ್ತಲೇ ಇದ್ದರು. ಕೊನೆಯ ಡಬ್ಬಿ ಬೇವಿನ ಮರ ದಾಟಿತು. ಆಮೇಲೆ ಕಾಲಿಗೆ ಕಾಲು ತೊಡಕಿ ಇಬ್ಬರೂ ಜೋಳ ಕೊಯ್ದುಳಿದ ಕೂಳೆಯ ಮೇಲೆ ಬಿದ್ದರು. ಸತ್ಯಪ್ಪ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದ.

೮

ಮುರಿಗೆಪ್ಪನ ಕತ್ತಲೆ ಕೋಣೆ ಇಬ್ಬರಿಗೆ ಸಾಕಾಗುವಷ್ಟು. ಅಂದು ಸಂಜೆ ಅದರೊಳಗೆ ಐವರು: ಮುರಿಗೆಪ್ಪ, ಸತ್ಯಪ್ಪ, ಇಂದ್ರವ್ವ, ಮೀರಜಿನಿಂದ ತಿರುಗಿ ಬಂದ ಮಾಯಪ್ಪ, ಮತ್ತು ಪಾಟಿಯನ್ನು ಅರಿವೆಯಲ್ಲಿ ಸುತ್ತಿ ಬಗಲಲ್ಲಿ ಹಿಡಿದ ಇನ್ಸ್‌ಪೆಕ್ಟರ್. ರೀಲು ನೀರಿನಲ್ಲಿ ಮುಳುಗಿ ಎದ್ದಿತು. ಮುರಿಗೆಪ್ಪ ಪರದೆ ಸರಿಸಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಹನಿ ತೊಟ್ಟಿಕ್ಕುತ್ತಿತ್ತು.

ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ಲವೇ? ಮಾಯಪ್ಪನ ಮೀಸೆ ಕರಿದು, ಹೊಗೆ ಕರಿದು, ಎಂಜಿನ್ ಬೆಳ್ಳಗೆ. ಕರಿ ಪಾಟಿ ಬಿಳಿ ಕಾಗದವಾಗಿತ್ತು. ಅದರ ಮೇಲೆ ಸುಣ್ಣದ ಅಂಕಿ ಮಸಿಯಿಂದ ಬರೆದಂತೆ.

ಮುರಿಗೆಪ್ಪ ದೊಡ್ಡದು ಮಾಡಿ ತೋರಿಸುವ ಗಾಜನ್ನು ಸತ್ಯಪ್ಪನ ಕೈಗೆ ಕೊಟ್ಟ. ಸತ್ಯಪ್ಪ ನೋಡಿದ. ಕಣ್ಣು ಒರೆಸಿಕೊಂಡ. ಮತ್ತೆ ನೋಡಿದ.

“ಇಪ್ಪತ್ತೇಳು,” ಎಂದ.

ಇನ್ಸ್‌ಪೆಕ್ಟರ್ ಬಗಲಿನಿಂದ ಪಾಟಿ ತೆಗೆದು ಅರಿವೆ ಬಿಚ್ಚಿದರು. ೨೭.

ಮಾಯಪ್ಪ ಗೋಡೆಗೆ ಒರಗಿದ. ಕೆಂಪು ವಸ್ತ್ರ ಮುಖಕ್ಕೆ ಒತ್ತಿಕೊಂಡ. ಮುರಿಗೆಪ್ಪ ಮಾತ್ರ ಗಾಜು ಕಸಿದುಕೊಂಡು ಇನ್ನೂ ನೋಡುತ್ತಿದ್ದ.

“ಸಾಹೇಬ್ರ, ನಿಮ್ಮ ಅಂಗಿ ಎರಡನೇ ಗುಂಡಿ ಬಿಚ್ಚೈತ್ರಿ,” ಎಂದ.

ಸಾಹೇಬರು ಎದೆ ಮುಟ್ಟಿ ನೋಡಿಕೊಂಡರು. ಬಿಚ್ಚಿತ್ತು. ಆಮೇಲೆ ತಾವೂ ಗಾಜಿನಲ್ಲಿ ಬಗ್ಗಿದರು. ತಾಸಿಗೆ ಇಪ್ಪತ್ತೇಳು ಮೈಲು ಓಡುವ ಎಂಜಿನ್ನಿನಿಂದ ಹೊರಗೆ ಬಾಗಿ, ಸ್ಟುಡಿಯೋದಲ್ಲಿ ನಿಂತವರಂತೆ ಅವರೇ ನಿಂತಿದ್ದರು. ಹಿಂದೆ ಬೇವಿನ ಮರ ಗೆರೆಯಾಗಿ ಓಡುತ್ತಿತ್ತು.

“ಸಾಹೇಬ್ರ, ಬೇವಿನ ಗೇಟಿನ್ಯಾಗ ನೀವು ಇಳದಿದ್ರೇನ್ರಿ?” ಎಂದಳು ಇಂದ್ರವ್ವ.

ಮೊದಲು ನಕ್ಕವರು ಇನ್ಸ್‌ಪೆಕ್ಟರ್. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮುತ್ತಲೇ ಫೈಲು ಬಿಚ್ಚಿ, ಮಾಯಪ್ಪನ ಹೆಸರಿನ ಮೆಮೊ ಹೊರತೆಗೆದು, ಉದ್ದಕ್ಕೆ ಒಂದು ಗೆರೆ ಎಳೆದು ಸಹಿ ಹಾಕಿದರು. ಹೊರಗೆ ಪೇಟೆಯ ಬೀದಿಯಲ್ಲಿ ಕಾದಿದ್ದ ಕಲ್ಲಹಟ್ಟಿಗೆ ಸುದ್ದಿ ಗೋಡೆ ದಾಟಿ ಬಂದ ಆ ನಗುವಿನಿಂದಲೇ ಮುಟ್ಟಿತು. ಗುಡ್ಡವ್ವನ ಬದನೆಕಾಯಿ ಅಂದು ಮಾರಾಟವಾಗಲಿಲ್ಲ. ಬೀದಿಯಲ್ಲಿ ಕಂಡಕಂಡವರ ಉಡಿಗೆ ಅವಳೇ ಹಾಕಿದಳು. ಮಾಯಪ್ಪನ ಕೆಂಪು ವಸ್ತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು.

“ತಪ್ಪಾತೋ ಎಪ್ಪಾ,” ಎಂದಳು.

“ಇರ್ಲಿ ಬಿಡಬೇ,” ಎಂದ ಮಾಯಪ್ಪ. “ನನ್ನ ಗಾಡಿ ನಿಂತಿದ್ದು ನಾನೂ ಇವತ್ತ ನೋಡಿದ್ನಿ.”

೯

ಮುಕ್ತಾಯಕ್ಕೆ ಮೂರು ಅರ್ಜಿಗಳು ನನ್ನ ಮೇಜಿನ ಮೇಲಿವೆ.

ಒಂದು ಮುರಿಗೆಪ್ಪನದು. ಆ ಫೋಟೋಕ್ಕೆ ದೊಡ್ಡ ಊರಿನಲ್ಲಿ ಬಹುಮಾನ ಬರಬೇಕಂತೆ, ಸ್ಟುಡಿಯೋದ ಹೆಸರು ಪೇಪರಿನಲ್ಲಿ ಬರಬೇಕಂತೆ. ಇನ್ನೊಂದು ಗುಡ್ಡವ್ವನದು: “ಇಷ್ಟೆಲ್ಲಾ ಆದ ಮ್ಯಾಲ ಬೇವಿನ ಗೇಟಿನ್ಯಾಗ ಗಾಡಿ ಖರೇನ ನಿಂದರಬೇಕು. ನೀ ಬರದ್ರ ನಿಂದರತೈತಿ. ಬರಿಯಾಕ ನಿನಗೇನ ಧಾಡಿ?” ಮೂರನೆಯದು ಮಾಯಪ್ಪನದು. ಹನ್ನೊಂದು ತಿಂಗಳ ನಂತರದ ತನ್ನ ಕೊನೆಯ ಗಾಡಿಯನ್ನು ಮಾತ್ರ ಬರೆಯಬೇಡಿರಿ ಎಂದು.

ಸತ್ಯಪ್ಪ ಏನೂ ಕೇಳಿಲ್ಲ. ಹೊಸ ರೀಲು ಹಾಕಿಕೊಂಡು ಬದುವಿಗೆ ಹೋಗಿದ್ದಾನೆ. ಹೊಗಿ ಸತ್ಯಪ್ಪ ಎಂದು ಈಗ ಕರೆಯುವವರಿಲ್ಲ. ‘ಗಾಡಿ ನಿಂದರಸೋ ಸತ್ಯಪ್ಪ’ ಎನ್ನುತ್ತಾರೆ. ಅದನ್ನು ಕೇಳಿದಾಗ ಅವನು ಗಂಭೀರವಾಗಿರಲು ನೋಡುತ್ತಾನೆ, ಆಗುವುದಿಲ್ಲ.

ಇಂದ್ರವ್ವ ಅಟ್ಟದ ಮೇಲಿನಿಂದ ನನ್ನ ಕಡೆ ನೋಡುತ್ತಿದ್ದಾಳೆ. ನಾನು ಪೆನ್ನು ಎತ್ತಿ, ಒ‌ಳ್ಳೆಯದೊಂದು ಕೊನೆಯ ಸಾಲು ಬರೆದು ಕೆಳಗಿಡಬೇಕೆಂದಿದ್ದೆ. ಅವಳಿಗೆ ಗೊತ್ತಾಯಿತು.

“ಕಲ್ಲ ಬಿಟ್ಟೀರಲ್ರಿ ಬರಿಯಾವ್ರ? ಚಲೋ ಹತ್ತೈತಿ. ಈಗ ಕೈ ನಿಂದರಿಸಿದ್ರ ಇಷ್ಟೊತ್ತು ಮಾಡಿದ್ದೆಲ್ಲಾ ಒರಸಿ ಹೋಗತೈತಿ ನೋಡ್ರಿ.”

ತಿರುವಿನಲ್ಲಿ ಹೊಗೆ ಎದ್ದಿದೆ. ಒಂದು ಉದ್ದ, ಎರಡು ಗಿಡ್ಡ. ಗುಡ್ಡವ್ವ ಬುಟ್ಟಿ ಕೆಳಗಿಟ್ಟು ಕೈ ಎತ್ತಿದ್ದಾಳೆ, ಮಾಯಪ್ಪ ಕಿಟಕಿಯಿಂದ ಕೆಂಪು ವಸ್ತ್ರ ಬೀಸುತ್ತಿದ್ದಾನೆ, ಸತ್ಯಪ್ಪ ತಿರುಗುತ್ತಿದ್ದಾನೆ, ಅವನ ಹಿಂದೆ ನಾನೂ ನನ್ನ ನಿಧಾನದ ಸೊಂಟವನ್ನು ತಿರುಗಿಸುತ್ತಿದ್ದೇನೆ, ನೀವೂ ನಿಲ್ಲಬೇಡಿ, ಗಾಜು ನೋಡಬೇಡಿ, ಎಂಜಿನ್ ದಾಟಿತು, ಎರಡನೆಯ ಡಬ್ಬಿಯ ಬಾಗಿಲಲ್ಲಿ ಗಂಟು ಹಿಡಿದ ಯಾರೋ ಎದ್ದು ನಿಂತಿದ್ದಾರೆ, ಸ್ಟೇಷನ್ ಇನ್ನೂ ಎರಡು ಮೈಲು ಇದೆ, ಬೇವಿನ ಮರ ಓಡುತ್ತಿದೆ, ಓಡುತ್ತಿದೆ, ಮತ್ತು